ಉತ್ಥಾಪಕನೂ ಸಂವೇಶಕನೂ: ರೋಗಿಪರಿಚರ್ಯೆಯಲ್ಲಿ ದೇಹಚಲನದ ವಿಚಾರ

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ೧೫ನೆಯದಾದ ಉಪಕಲ್ಪನೀಯಾಧ್ಯಾಯವು ವಮನ ವಿರೇಚನಗಳಿಗೆ ಒಳಗಾಗತಕ್ಕವನಿಗಾಗಿ ವೈದ್ಯನು ಮುಂಚಿತವಾಗಿ ಅಣಿಗೊಳಿಸಬೇಕಾದ ಗೃಹ, ಉಪಕರಣ, ಪರಿವಾರಗಳನ್ನು ವಿವರಿಸುತ್ತದೆ. ಪರಿಚಾರಕರನ್ನು ಹೇಳುವಾಗ ಗ್ರಂಥಕರ್ತನು ಅಡಿಗೆಯವನು, ಸ್ನಾನಮಾಡಿಸುವವನು, ಮೈಯೊತ್ತುವವನು, ಔಷಧವನ್ನು ಅರೆಯುವವನು ಎಂದು ಎಣಿಸುತ್ತ, ನಡುವೆ ‘ಉತ್ಥಾಪಕ’, ‘ಸಂವೇಶಕ’ ಎಂಬ ಇಬ್ಬರನ್ನು ಸೇರಿಸಿರುವನು. ರೋಗಿಯನ್ನು ಏಳಿಸುವವನು ಒಬ್ಬನು, ಮಲಗಿಸುವವನು ಮತ್ತೊಬ್ಬನು. ಅಡಿಗೆ, ಸ್ನಾನ, ಔಷಧ ಇವುಗಳಿಗೆ ಜನರು ಬೇಕೆಂಬುದು ಯಾರಿಗಾದರೂ ಹೊಳೆಯುವ ಸಂಗತಿ. ಏಳುವುದು, ಮಲಗುವುದು ಎಂಬ ಎರಡು ಸಾಮಾನ್ಯ ಕ್ರಿಯೆಗಳಿಗೆ ಪ್ರತ್ಯೇಕವಾಗಿ ನಿಪುಣರನ್ನು ನೇಮಿಸಬೇಕೆಂದು ತೋರಿದ್ದು ಹಾಗಲ್ಲ. ಅದು ರೋಗಿಯ ಮಂಚದ ಪಕ್ಕದಲ್ಲಿ ಬಹುಕಾಲ ನಿಂತು ನೋಡಿದವರಿಗೆ ಮಾತ್ರ ಬರತಕ್ಕ ಬುದ್ಧಿ. ವೈದ್ಯಶಾಸ್ತ್ರದ ಇತಿಹಾಸವನ್ನು ಬರೆದವರಲ್ಲಿ ಹೆಚ್ಚಿನವರು ಔಷಧಗಳನ್ನೂ ಶಸ್ತ್ರಗಳನ್ನೂ ವರ್ಣಿಸಿ, ಈ ಇಬ್ಬರನ್ನು ಬಾಗಿಲಲ್ಲಿಯೇ ಬಿಟ್ಟು ಮುಂದೆ ನಡೆದಿರುವರು.

ಪದಗಳ ವಿಚಾರವನ್ನು ಮೊದಲು ಮಾಡಬೇಕು. ‘ಉತ್’ ಎಂಬ ಉಪಸರ್ಗದೊಡನೆ ‘ಸ್ಥಾ’ ಧಾತು, ‘ಸಮ್’ ಎಂಬುದರೊಡನೆ ‘ವಿಶ್’ ಧಾತು. ಎರಡೂ ಇಲ್ಲಿ ಪ್ರೇರಣಾರ್ಥದ ಣಿಜಂತರೂಪಗಳು. ಉತ್ಥಾಪಕನೆಂದರೆ ಎತ್ತುವವನಲ್ಲ, ಏಳುವಂತೆ ಮಾಡುವವನು. ಈ ಭೇದವು ಕೇವಲ ವೈಯಾಕರಣರ ವಿನೋದವೆಂದು ಎಣಿಸಬಾರದು. ಪಾಣಿನೀಯದ ೧-೪-೫೨ನೆಯ ಸೂತ್ರದ ಮೇರೆಗೆ ಗತ್ಯರ್ಥಕ ಮತ್ತು ಅಕರ್ಮಕ ಮುಂತಾದ ಧಾತುಗಳ ಮೂಲಕರ್ತೃವು ಪ್ರೇರಣಾರ್ಥದಲ್ಲಿ ಕರ್ಮವಾಗುತ್ತಾನೆ. ಪ್ರೇರಕನಿಗೆ ೧-೪-೫೫ನೆಯ ಸೂತ್ರದಿಂದ ‘ಹೇತು’ ಎಂಬ ಸಂಜ್ಞೆ ಬರುತ್ತದೆ. ಅಂದರೆ ರೋಗಿಯು ವಾಕ್ಯದಲ್ಲಿ ದ್ವಿತೀಯಾವಿಭಕ್ತಿಯನ್ನು ಹೊತ್ತು ಕರ್ಮವೆನಿಸಿದರೂ ಏಳುವ ಕ್ರಿಯೆ ಅವನದೇ. ಪರಿಚಾರಕನು ಆ ಕ್ರಿಯೆಗೆ ಹೇತು ಮಾತ್ರ. ಕನ್ನಡವೂ ಈ ಭೇದವನ್ನು ಚೆನ್ನಾಗಿ ಕಾಪಾಡಿಕೊಂಡು ಬಂದಿದೆ. ಕೊಡವನ್ನು ಎತ್ತುವರು, ಮೂಟೆಯನ್ನು ಎತ್ತುವರು, ಮಲಗಿದವನನ್ನು ಎಬ್ಬಿಸುವರು. ಕೊಡವು ತಾನಾಗಿ ಏಳಲಾರದಾದುದರಿಂದ ಕೊಡವನ್ನು ಎಬ್ಬಿಸಿದನೆಂದು ಯಾರೂ ಹೇಳರು. ಮಲಗಿಸು, ಕುಳ್ಳಿರಿಸು, ಹೊರಳಿಸು, ನಡೆಯಿಸು ಎಂಬ ನಮ್ಮ ಕ್ರಿಯಾಪದಗಳೆಲ್ಲವೂ ಇದೇ ಜಾತಿಯವು.

ಚರಕನು ಹೇಳುವ ಮನೆಯನ್ನು ನೋಡಿದರೆ ಈ ಅಭಿಪ್ರಾಯವು ಇನ್ನೂ ದೃಢವಾಗುತ್ತದೆ. ಮನೆಯು ಗಟ್ಟಿಯಾಗಿರಬೇಕು, ಬಿರುಗಾಳಿಗೆ ಎಡೆಯಿರಬಾರದು, ಆದರೂ ಒಂದು ಕಡೆಯಿಂದ ಗಾಳಿ ಸುಳಿಯುತ್ತಿರಬೇಕು. ಹೊಗೆ, ಬಿಸಿಲು, ಧೂಳು ಒಳಗೆ ಬರಬಾರದು. ಈ ಲಕ್ಷಣಗಳ ಸಾಲಿನಲ್ಲಿಯೇ ‘ಸುಖಪ್ರವಿಚಾರ’ವೆಂಬ ಒಂದು ವಿಶೇಷಣವಿದೆ, ಒಳಗೆ ಸುಖವಾಗಿ ಓಡಾಡುವುದಕ್ಕೆ ತಕ್ಕುದಾಗಿರಬೇಕೆಂದು ಅದರ ತಾತ್ಪರ್ಯ. ಒರಳು ಒನಕೆ, ಶೌಚಸ್ಥಾನ, ಸ್ನಾನಭೂಮಿ, ಅಡಿಗೆಮನೆ ಎಲ್ಲವೂ ಆ ಗೃಹದೊಳಗೇ ಅಡಕವಾಗಿರತಕ್ಕವು. ಬಳಲಿದವನು ಶೌಚಕ್ಕೆ ಬಹುದೂರ ನಡೆಯಬಾರದು, ಹಾಗೆಂದು ಕದಲದೆ ಬಿದ್ದಿರಲೂ ಬಾರದು ಎಂಬ ಎಣಿಕೆ ಇಲ್ಲಿ ಕಾಣುತ್ತದೆ.

ಅದೇ ಅಧ್ಯಾಯದಲ್ಲಿ ವಮನಕಾಲದ ವಿಧಿಯೊಂದುಂಟು. ರೋಗಿಯು ಕಾರುವಾಗ ಅವನ ಹಣೆಯನ್ನು ಹಿಡಿಯುವುದು, ಪಕ್ಕಗಳಿಗೆ ಆಸರೆ ಕೊಡುವುದು, ಹೊಕ್ಕುಳ ಪ್ರದೇಶವನ್ನು ಒತ್ತುವುದು, ಬೆನ್ನನ್ನು ಮೇಲ್ಮುಖವಾಗಿ ನೀವುವುದು ಎಂಬ ನಾಲ್ಕು ಕೈಗೆಲಸಗಳನ್ನು ಹೇಳಿ, ಇವನ್ನು ಮಾಡತಕ್ಕವರು ಯಾರೆಂಬುದನ್ನೂ ಗ್ರಂಥವು ನಿಯಮಿಸುತ್ತದೆ. ಯಾರ ಮುಂದೆ ರೋಗಿಗೆ ನಾಚಿಕೆಯುಂಟಾಗದೋ ಅಂತಹ ಮಿತ್ರರು, ಅವನ ಒಪ್ಪಿಗೆಯನ್ನು ಪಡೆದವರು, ಇದನ್ನು ಮಾಡಬೇಕಂತೆ. ಹಣ ಕೊಟ್ಟು ತಂದ ನಿಪುಣರು ಪಕ್ಕದಲ್ಲಿಯೇ ಇದ್ದರೂ ಈ ಒಂದು ಗಳಿಗೆಗೆ ಮಿತ್ರರನ್ನು ಕರೆದಿರುವುದು ಗಮನಾರ್ಹ. ತನ್ನ ಮೈಯನ್ನು ತಾನು ಆಳಲಾರದೆ ಹೋದವನಿಗೆ ನೋವಿಗಿಂತ ಲಜ್ಜೆಯೇ ದೊಡ್ಡ ಬಾಧೆಯಾಗುವುದುಂಟು. ಲಜ್ಜೆಯುಳ್ಳವನು ದೇಹವನ್ನು ಬಿಗಿಹಿಡಿಯುತ್ತಾನೆ. ಬಿಗಿಹಿಡಿದ ದೇಹವು ಆಸರೆಗೆ ಒಗ್ಗದು. ಅನುಮತಿಯ ಪ್ರಶ್ನೆಯನ್ನು ಆಚಾರ್ಯನು ಧರ್ಮೋಪದೇಶದ ಪ್ರಕರಣದಲ್ಲಿ ಇಡದೆ ಕರ್ಮಕಾಲದ ವಿಧಿಯಲ್ಲಿಯೇ ಇಟ್ಟಿರುವುದು ಉಚಿತವಾಗಿದೆ.

ಈ ಭಾಗಗಳನ್ನು ಮುಂದಿಟ್ಟುಕೊಂಡು ಇಂದಿನ ಶುಶ್ರೂಷಾಶಾಸ್ತ್ರವೆಲ್ಲವೂ ನಮ್ಮಲ್ಲಿ ಆಗಲೇ ಇದ್ದಿತೆಂದು ಸಾರುವವರಿದ್ದಾರೆ. ಅದು ಉತ್ಸಾಹವೇ ಹೊರತು ವಿಮರ್ಶೆಯಲ್ಲ. ಈ ಗೃಹವು ರಾಜನಿಗೂ ರಾಜಸಮಾನನಿಗೂ ವಿಪುಲದ್ರವ್ಯವುಳ್ಳವನಿಗೂ ಉದ್ದಿಷ್ಟವಾದುದೆಂದು ಗ್ರಂಥವೇ ಹೇಳುತ್ತದೆ. ಎಲ್ಲ ಮನುಷ್ಯರಿಗೂ ಎಲ್ಲ ಪರಿಕರಗಳೂ ಇರುವುದಿಲ್ಲ, ದಾರುಣರೋಗಗಳಾದರೋ ದರಿದ್ರರನ್ನೂ ಬಿಡುವುದಿಲ್ಲ. ಆದುದರಿಂದ ಬಡವನು ತನ್ನ ಶಕ್ತಿಗೆ ದೊರೆತಷ್ಟರಿಂದಲೇ ಔಷಧವನ್ನು ಸೇವಿಸಲಿ ಎಂದು ಅಧ್ಯಾಯದ ಕೊನೆಯಲ್ಲಿ ಹೇಳಿದೆ. ಬಡವನನ್ನು ಏಳಿಸಿ ಮಲಗಿಸುವವರು ಮನೆಯ ಹೆಂಗಸರೇ ಆಗಿದ್ದಿರಬೇಕು. ಅವರಿಗೆ ಶಾಸ್ತ್ರದಲ್ಲಿ ಹೆಸರಿಲ್ಲ.

ಚಿಕಿತ್ಸೆಯ ನಾಲ್ಕು ಪಾದಗಳಲ್ಲಿ ಪರಿಚಾರಕನೂ ಒಬ್ಬನೆಂಬುದು ಪ್ರಸಿದ್ಧವೇ. ಚರಕನು ಸೂತ್ರಸ್ಥಾನದ ೯ನೆಯ ಅಧ್ಯಾಯದಲ್ಲಿ ಅವನಿಗೆ ಉಪಚಾರಜ್ಞಾನ, ದಕ್ಷತೆ, ಒಡೆಯನಲ್ಲಿ ಅನುರಾಗ, ಶೌಚ ಎಂಬ ನಾಲ್ಕು ಗುಣಗಳನ್ನು ವಿಧಿಸಿರುವನು. ಸುಶ್ರುತಸಂಹಿತೆಯ ಸೂತ್ರಸ್ಥಾನದ ೩೪ನೆಯ ಅಧ್ಯಾಯದಲ್ಲಿ ಗುಣಗಳ ಪಟ್ಟಿ ಬೇರೆಯಾಗಿದೆ. ಅಲ್ಲಿ ಸ್ನೇಹ, ವೈದ್ಯನ ಮಾತಿನಂತೆ ನಡೆಯುವಿಕೆ ಇವುಗಳೊಡನೆ ಮೂರು ಗುಣಗಳು ವಿಶೇಷವಾಗಿ ಕಾಣುತ್ತವೆ: ಪರಿಚಾರಕನು ಬಲವಂತನಾಗಿರಬೇಕು, ಜುಗುಪ್ಸೆಯಿಲ್ಲದವನಾಗಿರಬೇಕು, ದಣಿಯದವನಾಗಿರಬೇಕು. ಚರಕನ ಪಟ್ಟಿಯಲ್ಲಿ ಬಲಕ್ಕೆ ಸ್ಥಾನವಿಲ್ಲ. ಈ ವ್ಯತ್ಯಾಸಕ್ಕೆ ಕಾರಣವು ದೂರದಲ್ಲಿಲ್ಲ. ಸುಶ್ರುತನದು ಶಲ್ಯತಂತ್ರ, ಮೂಳೆ ಮುರಿದವನೂ ಬಾಣ ನೆಟ್ಟವನೂ ಅವನ ರೋಗಿಗಳು. ಆ ೩೪ನೆಯ ಅಧ್ಯಾಯವೇ ಸೇನೆಯೊಡನೆ ಹೊರಟ ರಾಜನ ರಕ್ಷಣೆಗೆ ಸಂಬಂಧಿಸಿದುದು. ಅಲ್ಲಿ ತೋಳಿನ ಬಲವಿಲ್ಲದ ಪರಿಚಾರಕನಿಂದ ಪ್ರಯೋಜನವಿಲ್ಲ.

ಸುಶ್ರುತನ ವ್ರಣಿತೋಪಾಸನೀಯಾಧ್ಯಾಯವು (ಸೂತ್ರಸ್ಥಾನ, ೧೯) ಪ್ರಕೃತ ವಿಷಯಕ್ಕೆ ಅತ್ಯಂತ ಉಪಯುಕ್ತವಾದುದು. ಗಾಯಗೊಂಡವನ ಹಾಸಿಗೆಯು ಇಕ್ಕಟ್ಟಾಗಿರಬಾರದು, ಚೆನ್ನಾಗಿ ಹಾಸಿದುದಾಗಿರಬೇಕು ಎಂದು ಹೇಳಿ, ಅಂತಹ ಶಯ್ಯೆಯಲ್ಲಿ ಅವನು ಮೈಯನ್ನು ಸುಖವಾಗಿ ಅಲುಗಿಸಬಲ್ಲನೆಂಬ ಕಾರಣವನ್ನೂ ಕೊಟ್ಟಿದೆ. ಏಳುವಾಗ, ಮಲಗುವಾಗ, ಹೊರಳುವಾಗ, ನಡೆದಾಡುವಾಗ, ಗಟ್ಟಿಯಾಗಿ ಮಾತನಾಡುವಾಗ ಕೂಡ ರೋಗಿಯು ಎಚ್ಚರದಿಂದ ತನ್ನ ವ್ರಣವನ್ನು ಕಾಪಾಡಿಕೊಳ್ಳಬೇಕೆಂದು ಮುಂದಿನ ಮಾತು. ಹೊರಳುವಿಕೆಗೆ ‘ಪರಿವರ್ತನ’ವೆಂದು ಹೆಸರು. ಇಲ್ಲಿ ಹೊರಳುವವನು ರೋಗಿಯೇ, ಹೊರಳಿಸುವವನ ಪ್ರಸ್ತಾಪವಿಲ್ಲ. ಇಂತಿಷ್ಟು ಹೊತ್ತಿಗೊಮ್ಮೆ ರೋಗಿಯನ್ನು ಮಗ್ಗುಲು ಬದಲಾಯಿಸಬೇಕೆಂಬ ಇಂದಿನ ನಿಯಮವನ್ನು ಈ ಪಂಕ್ತಿಯಲ್ಲಿ ಓದಿಕೊಳ್ಳುವುದು ಗ್ರಂಥಕ್ಕೆ ಬಲಾತ್ಕಾರ ಮಾಡಿದಂತೆ.

ನಿಶ್ಚಲತೆಯನ್ನೂ ಸುಶ್ರುತನು ಬಲ್ಲನು. ಚಿಕಿತ್ಸಾಸ್ಥಾನದ ೩ನೆಯ ಅಧ್ಯಾಯದಲ್ಲಿ ಮೊಣಕಾಲ ಕೆಳಗೋ ತೊಡೆಯಲ್ಲೋ ಮೂಳೆ ಮುರಿದವನಿಗೆ ‘ಕಪಾಟಶಯನ’ ಎಂಬ ಹಲಗೆಯ ಹಾಸಿಗೆಯನ್ನು ವಿಧಿಸಿ, ಮುರಿದ ಭಾಗವು ಅಲುಗದಂತೆ ಕಟ್ಟಲು ಐದು ಗೂಟಗಳನ್ನು ನೆಡಬೇಕೆಂದು ಹೇಳಿರುವನು. ಆದರೆ ಅದೇ ಅಧ್ಯಾಯದಲ್ಲಿ ಅಂಗೈಯ ಮೂಳೆ ಮುರಿದು ಕೂಡಿಕೊಂಡ ಬಳಿಕ ಮಾಡಬೇಕಾದುದನ್ನು ನೋಡಬೇಕು. ಮೊದಲು ಮಣ್ಣಿನ ಉಂಡೆಯನ್ನು ಹಿಡಿಸುವುದು, ತರುವಾಯ ಉಪ್ಪಿನ ಗಟ್ಟಿಯನ್ನು, ಕೈಗೆ ಬಲ ಬಂದಮೇಲೆ ಕಲ್ಲನ್ನು ಹಿಡಿಸುವುದು. ಮೆತ್ತಗಿರುವುದರಿಂದ ಗಟ್ಟಿಯಾದುದಕ್ಕೆ, ಹಗುರದಿಂದ ಭಾರಕ್ಕೆ ಏರುವ ಈ ಕ್ರಮದಲ್ಲಿ ಚಲನವೇ ಔಷಧವಾಗಿದೆ. ಕಟ್ಟುವ ಕಾಲವೊಂದು, ಬಿಚ್ಚಿ ಅಲುಗಿಸುವ ಕಾಲವೊಂದು ಎಂಬ ವಿವೇಕವೇ ಮುಖ್ಯ. ಗೂಟಗಳನ್ನು ಮಾತ್ರ ನೆನೆದು ಮಣ್ಣಿನ ಉಂಡೆಯನ್ನು ಮರೆತವರು ಸುಶ್ರುತನನ್ನು ಅರ್ಧಮಾತ್ರ ಓದಿದವರು.

ಪ್ರಸವಕಾಲದಲ್ಲಿ ಚಲನವು ಹಿತವೋ ಅಹಿತವೋ ಎಂಬ ವಿಷಯದಲ್ಲಿ ಪ್ರಾಚೀನರಲ್ಲಿಯೇ ವಾದವಿದ್ದಿತು. ಚರಕಸಂಹಿತೆಯ ಶಾರೀರಸ್ಥಾನದ ೮ನೆಯ ಅಧ್ಯಾಯದಲ್ಲಿ, ಬೇನೆ ಬಂದರೂ ಹೆರಿಗೆಯಾಗದಿದ್ದರೆ ಹೆಂಗಸು ಎದ್ದು ಒನಕೆಯಿಂದ ಒರಳಿನ ಧಾನ್ಯವನ್ನು ಕುಟ್ಟಬೇಕು, ಆಕಳಿಸಬೇಕು, ನಡುನಡುವೆ ಅಡ್ಡಾಡಬೇಕು ಎಂಬ ಕೆಲವರ ಮತವನ್ನು ಉದಾಹರಿಸಿ, ಭಗವಾನ್ ಆತ್ರೇಯನು ಅದನ್ನು ಒಪ್ಪಲಿಲ್ಲವೆಂದು ಹೇಳಿದೆ. ಗರ್ಭಿಣಿಗೆ ದಾರುಣವ್ಯಾಯಾಮವು ಯಾವಾಗಲೂ ನಿಷಿದ್ಧ; ಪ್ರಸವಕಾಲದಲ್ಲಿ ಧಾತುದೋಷಗಳು ಕದಲಿರುವಾಗ ಒನಕೆಯ ಶ್ರಮದಿಂದ ಕೆರಳಿದ ವಾಯುವು ಪ್ರಾಣಾಪಾಯವನ್ನೇ ತಂದೀತು ಎಂಬುದು ಅವನ ಆಕ್ಷೇಪ. ಆದರೆ ಆಕಳಿಕೆಯನ್ನೂ ಅಡ್ಡಾಡುವುದನ್ನೂ ಅವನು ನಿಷೇಧಿಸಲಿಲ್ಲ. ಅವನ್ನು ಮಾಡಿಸಬಹುದೆಂದೇ ಹೇಳಿದನು. ಒಂದೇ ಮತದ ಒಂದು ಭಾಗವನ್ನು ಖಂಡಿಸಿ ಮತ್ತೊಂದನ್ನು ಉಳಿಸಿಕೊಂಡ ಈ ನಿರ್ಣಯವು ಪೂರ್ವಪಕ್ಷವನ್ನು ನ್ಯಾಯವಾಗಿ ನಡೆಸಿಕೊಂಡುದಕ್ಕೆ ಒಳ್ಳೆಯ ನಿದರ್ಶನ.

ದೃಢಬಲನು ಪೂರ್ತಿಗೊಳಿಸಿದ ಸಿದ್ಧಿಸ್ಥಾನದ ಕೊನೆಯ ಅಧ್ಯಾಯದಲ್ಲಿ ಇದೇ ವಿವೇಕವು ಸೂತ್ರಪ್ರಾಯವಾಗಿ ನಿಂತಿದೆ. ಶೋಧನಕರ್ಮಗಳಾದ ಬಳಿಕ ವರ್ಜಿಸಬೇಕಾದ ಎಂಟು ಸಂಗತಿಗಳಲ್ಲಿ ‘ಅತಿಚಂಕ್ರಮಣ’ ಒಂದು, ‘ಅತ್ಯಾಸನ’ ಮತ್ತೊಂದು. ಮಿತಿಮೀರಿ ನಡೆಯುವುದೂ ಮಿತಿಮೀರಿ ಕುಳಿತಿರುವುದೂ ಒಂದೇ ಪಟ್ಟಿಯಲ್ಲಿ ಅಕ್ಕಪಕ್ಕದಲ್ಲಿವೆ. ಬಹಳ ಹೊತ್ತು ಕುಳಿತವನಿಗೆ ನಿತಂಬ, ಸೊಂಟ, ಬೆನ್ನುಗಳಲ್ಲಿ ನೋವು ಬರುತ್ತದೆಂದು ಅಲ್ಲಿಯೇ ವಿವರಣೆಯಿದೆ. ಪ್ರಮೇಹನಿದಾನದಲ್ಲಿ ಕುಳಿತಿರುವ ಸುಖವನ್ನೂ ನಿದ್ರಾಸುಖವನ್ನೂ ಹೇತುಗಳಾಗಿ ಎಣಿಸಿರುವುದು ಎಲ್ಲರಿಗೂ ತಿಳಿದುದೇ.

ವೈದ್ಯಗ್ರಂಥಗಳಿಂದ ಹೊರಗೆ ಬಂದರೆ, ಪಾಲಿಯ ವಿನಯಪಿಟಕದಲ್ಲಿ ಮಹಾವಗ್ಗದ ೮ನೆಯ ಖಂಧಕದಲ್ಲಿ ಒಂದು ಘಟನೆಯು ದೊರೆಯುತ್ತದೆ. ಅತಿಸಾರದಿಂದ ನರಳುತ್ತಿದ್ದ ಭಿಕ್ಷುವೊಬ್ಬನು ತನ್ನ ಮಲಮೂತ್ರಗಳಲ್ಲಿಯೇ ಬಿದ್ದಿದ್ದನು. ಅವನಿಂದ ಇತರ ಭಿಕ್ಷುಗಳಿಗೆ ಏನೂ ಉಪಯೋಗವಿರಲಿಲ್ಲವಾದುದರಿಂದ ಅವರು ಅವನನ್ನು ನೋಡಿಕೊಳ್ಳುತ್ತಿರಲಿಲ್ಲ. ಬುದ್ಧನು ಆನಂದನಿಂದ ನೀರು ತರಿಸಿ ತಾನು ಹುಯ್ದನು, ಆನಂದನು ತೊಳೆದನು. ಬಳಿಕ ಬುದ್ಧನು ತಲೆಯ ಕಡೆ, ಆನಂದನು ಕಾಲ ಕಡೆ ಹಿಡಿದು ಎತ್ತಿ ಅವನನ್ನು ಮಂಚದ ಮೇಲೆ ಮಲಗಿಸಿದರು. ಇದು ಎಬ್ಬಿಸಿದುದಲ್ಲ, ಎತ್ತಿದುದು. ತನ್ನ ಕಡೆಯಿಂದ ಏನನ್ನೂ ಮಾಡಲಾರದವನನ್ನು ಇಬ್ಬರು ಕೂಡಿ ಎತ್ತಬೇಕಾದ ರೀತಿಯನ್ನು ಇಷ್ಟು ಸ್ಪಷ್ಟವಾಗಿ ಹೇಳಿದ ಪ್ರಾಚೀನಸಂದರ್ಭಗಳು ಅಪೂರ್ವ. ಯಾರು ಎಲ್ಲಿ ಹಿಡಿದರೆಂಬುದನ್ನು ಕೂಡ ಸಂಗ್ರಹಕಾರರು ಬಿಡಲಿಲ್ಲ. ಭಾರವು ಹೆಚ್ಚಾಗಿರುವ ತಲೆಯ ಕಡೆಯನ್ನು ಹಿಡಿದವನು ಶಾಸ್ತನೇ. ಅನಂತರ ವಿಧಿಸಿದ ನಿಯಮಗಳಲ್ಲಿ ರೋಗಿಪರಿಚಾರಕನ ಐದು ಗುಣಗಳು ಬರುತ್ತವೆ. ಅವುಗಳಲ್ಲಿ ಮಲಮೂತ್ರ, ಉಗುಳು, ವಾಂತಿಗಳನ್ನು ತೆಗೆಯಲು ಅಸಹ್ಯಪಡದಿರುವುದು ಒಂದು, ಲಾಭದ ಆಶೆಯಿಲ್ಲದೆ ಮೈತ್ರಿಯಿಂದ ಸೇವಿಸುವುದು ಮತ್ತೊಂದು. ಸುಶ್ರುತನ ‘ಅಜುಗುಪ್ಸು’ ಎಂಬ ವಿಶೇಷಣದೊಡನೆ ಇದನ್ನು ಹೋಲಿಸಬಹುದು. ಚರಕನಲ್ಲಿ ಅನುರಾಗವು ಒಡೆಯನ ಮೇಲೆ. ವಿನಯದಲ್ಲಿ ಒಡೆಯನೆಂಬುವನೇ ಇಲ್ಲ.

ಶಾಸನಗಳು ಈ ವಿಷಯದಲ್ಲಿ ಮಿತಭಾಷಿಗಳು. ಚೋಳರಾಜನಾದ ವೀರರಾಜೇಂದ್ರನ ಕಾಲದ (೧೧ನೆಯ ಶತಮಾನದ ಉತ್ತರಾರ್ಧ) ತಿರುಮುಕ್ಕೂಡಲ್ ಶಾಸನವು ದೇವಾಲಯಕ್ಕೆ ಸೇರಿದ ೧೫ ಹಾಸಿಗೆಗಳ ಆತುರಶಾಲೆಯನ್ನು ಹೇಳಿ, ವೈದ್ಯ, ಶಸ್ತ್ರವೈದ್ಯ, ಮೂಲಿಕೆ ತರುವವರು ಇವರೊಡನೆ ರೋಗಿಗಳ ಉಪಚಾರಕ್ಕಾಗಿ ಇಬ್ಬರು ಹೆಂಗಸರನ್ನು ನಿಯಮಿಸಿರುವುದನ್ನು ತಿಳಿಸುತ್ತದೆ. ೧೫ ಮಂದಿಗೆ ಇಬ್ಬರು! ನಮ್ಮ ಬಳ್ಳಿಗಾವೆಯ ಕೋಡಿಯ ಮಠವನ್ನು ವರ್ಣಿಸುವ ಕ್ರಿ. ಶ. ೧೧೬೨ರ ಶಾಸನವು ಆ ಮಠವನ್ನು ವ್ಯಾಕರಣಾದಿ ವಿದ್ಯೆಗಳ ನೆಲೆಯೆಂದು ಹೊಗಳುವುದರೊಡನೆ, ದೀನರೂ ಅನಾಥರೂ ಆದ ರೋಗಿಗಳಿಗೆ ಚಿಕಿತ್ಸೆ ದೊರೆಯುವ ಸ್ಥಾನವೆಂದೂ ಹೇಳುತ್ತದೆ. ಅದು ಪ್ರಶಂಸಾರೂಪವಾದ ವರ್ಣನೆ. ಪಾಣಿನೀಯವನ್ನು ಪಾಠ ಹೇಳುತ್ತಿದ್ದ ಮಠದಲ್ಲಿಯೇ ರೋಗಿಗಳಿಗೂ ಎಡೆಯಿದ್ದಿತೆಂಬುದು ಕನ್ನಡನಾಡಿಗೆ ಗೌರವದ ಮಾತು.

ಯೂರೋಪಿನಲ್ಲಿ ೧೯ನೆಯ ಶತಮಾನದಲ್ಲಿ ವಿಶ್ರಾಂತಿಯ ಮಹಿಮೆಯು ವಿಪರೀತವಾಗಿ ಬೆಳೆಯಿತು. ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಿಲ್ಟನ್ನನ ವಿಶ್ರಾಂತಿವಿಷಯಕ ಉಪನ್ಯಾಸಗಳು ೧೮೬೩ರಲ್ಲಿ ಗ್ರಂಥವಾದುವು. ಅಮೆರಿಕದ ಫಿಲಡೆಲ್ಫಿಯದಲ್ಲಿ ವೈರ್ ಮಿಚೆಲ್ ಎಂಬ ವೈದ್ಯನು ೧೮೭೦ರ ದಶಕದಲ್ಲಿ, ನರದೌರ್ಬಲ್ಯವುಳ್ಳ ಹೆಂಗಸರನ್ನು ವಾರಗಟ್ಟಲೆ ಹಾಸಿಗೆಯಿಂದ ಏಳಗೊಡದೆ, ಓದುಬರಹಗಳನ್ನೂ ತಪ್ಪಿಸಿ, ಚಲನಕ್ಕೆ ಬದಲಾಗಿ ಮೈಯೊತ್ತಿಸುವ ಪದ್ಧತಿಯನ್ನು ಪ್ರಸಿದ್ಧಿಗೆ ತಂದನು. ಚರಕನ ಪರಿಭಾಷೆಯಲ್ಲಿ ಹೇಳುವುದಾದರೆ ಸಂವಾಹಕನನ್ನು ಇಟ್ಟುಕೊಂಡು ಉತ್ಥಾಪಕನನ್ನು ಹೊರಗಟ್ಟಿದಂತಾಯಿತು. ಇದಕ್ಕೆ ಮುಂಚೆಯೇ, ೧೮೫೯ರ ಸುಮಾರಿನಲ್ಲಿ, ಫ್ಲಾರೆನ್ಸ್ ನೈಟಿಂಗೇಲಳು ಶುಶ್ರೂಷೆಯ ವಿಷಯವಾಗಿ ಬರೆದ ಚಿಕ್ಕ ಪುಸ್ತಕದಲ್ಲಿ ರೋಗಿಗೆ ಹಾಸಿಗೆಹುಣ್ಣಾದರೆ ಅದು ಸಾಮಾನ್ಯವಾಗಿ ರೋಗದ ತಪ್ಪಲ್ಲ, ಶುಶ್ರೂಷೆಯ ತಪ್ಪು ಎಂದು ನಿಷ್ಠುರವಾಗಿ ಹೇಳಿದ್ದಳು. ೧೮೯೪ರಲ್ಲಿ ಲಂಡನ್ನಿನಲ್ಲಿ ನಾಲ್ವರು ದಾದಿಯರು ಸೇರಿ ಅಂಗಮರ್ದನವೃತ್ತಿಗಾಗಿ ಒಂದು ಸಂಘವನ್ನು ಕಟ್ಟಿದರು. ಇಂದಿನ ಫಿಸಿಯೊಥೆರಪಿ ವೃತ್ತಿಯ ಆಂಗ್ಲಸಂಸ್ಥೆಗೆ ಅದೇ ಮೂಲ. ಒಂದೇ ಮನೆಯ ಪರಿಚಾರಕರು ಹೀಗೆ ಬೇರೆ ಬೇರೆ ಒಲೆ ಹೂಡಿದರು.

ವಿಶ್ರಾಂತಿಯ ಮೇಲಿನ ಭಕ್ತಿ ಒಮ್ಮೆಗೇ ಹೋಗಲಿಲ್ಲ. ಚಿಕಾಗೊ ನಗರದ ಎಮಿಲ್ ರೀಸ್ ೧೮೯೯ರಲ್ಲಿಯೇ ಶಸ್ತ್ರಚಿಕಿತ್ಸೆಯಾದವರನ್ನು ಬೇಗ ಎಬ್ಬಿಸಬೇಕೆಂದು ಬರೆದರೂ ಕೇಳಿದವರು ಕೆಲವರೇ. ಎರಡನೆಯ ಮಹಾಯುದ್ಧದಲ್ಲಿ ಹಾಸಿಗೆಗಳ ಅಭಾವವು ವಾದಗಳು ಸಾಧಿಸದುದನ್ನು ಸಾಧಿಸಿತು. ೧೯೪೪ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್ಮನ್ ಬೆನ್ನುಹುರಿಗೆ ಪೆಟ್ಟುಬಿದ್ದ ಯೋಧರನ್ನು ಹಗಲೂ ರಾತ್ರಿಯೂ ಎರಡೆರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸುವ ನಿಯಮವನ್ನು ಬಿಗಿಯಾಗಿ ನಡೆಸಿದನು. ಹಾಸಿಗೆಹುಣ್ಣು ಕೀತು ಸಾಯುವರೆಂದು ಲೋಕವು ಕೈಬಿಟ್ಟಿದ್ದವರು ಬದುಕಿದರು. ೧೯೪೭ರಲ್ಲಿ ರಿಚರ್ಡ್ ಆಷರ್ ಹಾಸಿಗೆ ಹಿಡಿಯುವುದರ ಅಪಾಯಗಳನ್ನು ಅಂಗಾಂಗವಾಗಿ ವಿವರಿಸಿ ಬರೆದನು. ೧೯೫೨ರಲ್ಲಿ ಲೆವಿನ್ ಮತ್ತು ಲೌನ್ ಎಂಬ ಬಾಸ್ಟನ್ನಿನ ವೈದ್ಯರು ಹೃದಯಾಘಾತವಾದವರನ್ನು ಕುರ್ಚಿಯಲ್ಲಿ ಕುಳ್ಳಿರಿಸಿದ ಪ್ರಯೋಗವನ್ನು ಪ್ರಕಟಿಸಿದರು. ಅದುವರೆಗೆ ಅಂತಹವರು ವಾರಗಟ್ಟಲೆ ಅಂಗಾತ ಮಲಗಿರಬೇಕಾಗಿತ್ತು.

ಸಂಖ್ಯಾಪ್ರಮಾಣವು ಬಂದುದು ಇನ್ನೂ ಈಚೆಗೆ. ೧೯೯೯ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಸಮೀಕ್ಷೆಯೊಂದು ೧೫ ಬಗೆಯ ಸ್ಥಿತಿಗಳಲ್ಲಿ ಶಯ್ಯಾವಿಶ್ರಾಂತಿಯನ್ನು ಪರೀಕ್ಷಿಸಿದ ೩೯ ಪ್ರಯೋಗಗಳನ್ನು ಒಟ್ಟುಗೂಡಿಸಿ, ಅದರಿಂದ ಗಣನೀಯವಾದ ಲಾಭವೊಂದೂ ಕಾಣಲಿಲ್ಲವೆಂದೂ ಕೆಲವೆಡೆ ಹಾನಿಯೇ ಕಂಡಿತೆಂದೂ ತಿಳಿಸಿತು. ಇದು ಅತ್ಯಾಸನದ ದೋಷ. ಹಾಗಾದರೆ ಎಷ್ಟು ಬೇಗ, ಎಷ್ಟು ಹೆಚ್ಚು ಎಬ್ಬಿಸಿದರೆ ಅಷ್ಟು ಒಳ್ಳೆಯದೇ? ಪಕ್ಷಾಘಾತವಾದ ೨೪ ಗಂಟೆಗಳೊಳಗೆ ರೋಗಿಗಳನ್ನು ಹೆಚ್ಚುಹೆಚ್ಚಾಗಿ ಎಬ್ಬಿಸಿ ನಡೆಯಿಸಿದ ಒಂದು ಮಹಾಪ್ರಯೋಗವು ೫ ದೇಶಗಳ ೨,೧೦೪ ಮಂದಿಯಲ್ಲಿ ನಡೆದು ೨೦೧೫ರಲ್ಲಿ ಪ್ರಕಟವಾಯಿತು. ಹಾಗೆ ನಡೆಯಿಸಿದವರಲ್ಲಿ ನೂರಕ್ಕೆ ೪೬, ವಾಡಿಕೆಯ ಉಪಚಾರವನ್ನು ಪಡೆದವರಲ್ಲಿ ನೂರಕ್ಕೆ ೫೦ ಮಂದಿ ಮೂರು ತಿಂಗಳ ಬಳಿಕ ಒಳ್ಳೆಯ ಸ್ಥಿತಿಯಲ್ಲಿದ್ದರು. ಇದು ಅತಿಚಂಕ್ರಮಣದ ದೋಷ. ದೃಢಬಲನು ಪಕ್ಷಾಘಾತವನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಪಟ್ಟಿಯನ್ನು ಬರೆಯಲಿಲ್ಲ. ಅವನ ಸಂದರ್ಭವು ಪಂಚಕರ್ಮದ ಅನಂತರದ ಪಥ್ಯ. ಆದರೂ ಎರಡು ದೋಷಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವ ಅಭ್ಯಾಸವು ಒಂದೇ ತುದಿಗೆ ಓಡುವವರಿಗೆ ಉಪಯೋಗವಾದೀತು.

ಸುಶ್ರುತನ ‘ಬಲವಾನ್’ ಎಂಬ ವಿಶೇಷಣದ ಗತಿಯೇನಾಯಿತೆಂಬುದು ಉಳಿದ ಪ್ರಶ್ನೆ. ದಿನವೂ ರೋಗಿಗಳನ್ನು ಎತ್ತಿಳಿಸುವ ದಾದಿಯರಿಗೆ ಬೆನ್ನುನೋವು ವೃತ್ತಿರೋಗವಾಗಿ ಅಂಟಿಕೊಂಡಿತು. ಬ್ರಿಟನ್ನಿನಲ್ಲಿ ೧೯೯೨ರಲ್ಲಿ ಆದ ನಿಬಂಧನೆಗಳು, ಅಪಾಯವುಳ್ಳ ಭಾರವನ್ನು ಕೈಯಿಂದ ಎತ್ತುವುದನ್ನು ಸಾಧ್ಯವಾದಮಟ್ಟಿಗೆ ತಪ್ಪಿಸಬೇಕೆಂದು ಒಡೆಯರ ಮೇಲೆ ಹೊಣೆಯನ್ನು ಹೊರಿಸಿದುವು. ಆಸ್ಪತ್ರೆಗಳಿಗೆ ಎತ್ತುವ ಯಂತ್ರಗಳೂ ಜಾರುಹಾಳೆಗಳೂ ಬಂದುವು. ಅಮೆರಿಕದ ಫ್ರಾಂಕ್ ಹ್ಯಾಚ್ ಮತ್ತು ಲೆನಿ ಮಯೆಟ್ಟ ಎಂಬಿಬ್ಬರು ರೂಪಿಸಿ, ಜರ್ಮನ್ ಭಾಷೆಯ ದೇಶಗಳ ದಾದಿಯರಲ್ಲಿ ಹರಡಿದ ‘ಕಿನೆಸ್ತೆಟಿಕ್ಸ್’ ಎಂಬ ಪದ್ಧತಿಯಾದರೋ ಯಂತ್ರಕ್ಕಿಂತ ಮೊದಲು ರೋಗಿಯ ಉಳಿದ ಶಕ್ತಿಯನ್ನು ನೋಡುತ್ತದೆ. ರೋಗಿಯು ಹೇಗೆ ತಾನಾಗಿ ಹೊರಳುತ್ತಿದ್ದನೋ ಆ ದಾರಿಯಲ್ಲಿಯೇ, ಅವನ ಭಾರವು ಒಂದು ಮಗ್ಗುಲಿನಿಂದ ಮತ್ತೊಂದಕ್ಕೆ ಸರಿಯುವಂತೆ ದಾದಿಯು ಕೈಯಿಂದ ಸೂಚನೆ ಕೊಡುತ್ತಾಳೆ. ಕಂಕುಳಲ್ಲಿ ಕೈಹಾಕಿ ಎಳೆಯುವುದಿಲ್ಲ. ಅಲ್ಲಿ ಏಳುವವನು ರೋಗಿ, ದಾದಿಯು ಹೇತು.